ಬೆಳಿಗ್ಗೆ ಹಾಲು, ಮಧ್ಯಾಹ್ನ ನೀರು: ಲಿಪಿಡ್ ಹೊದಿಕೆಯ ಮೈಕ್ರೋಬಬಲ್‌ಗಳ ದೋಷ ನಿವಾರಣೆ

ನಾನು ಲಿಪಿಡ್ (ಕೊಬ್ಬಿನ ಜಾತಿಯ ಅಣು) ಹೊದಿಕೆಯ ಮೈಕ್ರೋಬಬಲ್, ಅಂದರೆ ಗ್ಯಾಸ್ ತುಂಬಿದ ಅತಿ ಸಣ್ಣ ಗುಳ್ಳೆ, ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಅಲ್ಟ್ರಾಸೌಂಡ್ ಚಿತ್ರದಲ್ಲಿ ರಕ್ತ ಎದ್ದು ಕಾಣಲಿ ಅಂತ ಬಳಸುವ ಗುಳ್ಳೆಗಳು ಇವು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ವಯಲ್ (ಸಣ್ಣ ಗಾಜಿನ ಶೀಶೆ) ಹಿಡಿದು ಓಡಿ ಬಂದರೆ ಹೇಳುವುದು ಒಂದೇ ಮಾತು: "ಮೇಡಂ, ಬೆಳಿಗ್ಗೆ ಹಾಲಿನ ಹಾಗಿತ್ತು. ಊಟ ಮಾಡಿ ಬರೋಷ್ಟರಲ್ಲಿ ನೀರಾಗಿದೆ." ಅದರ ಹಿಂದೆಯೇ ಇನ್ನೊಂದು: "ಲಿಪಿಡ್ ಹಾಳಾಗಿದೆ ಅನ್ಸುತ್ತೆ. ಹೊಸದು ತರಿಸೋಣ್ವಾ?"

ಈಗಲೇ ತರಿಸಬೇಡಿ. ಲಿಪಿಡ್ ದುಬಾರಿ, ಬರಲು ವಾರಗಟ್ಟಲೆ ಬೇಕು. ನಾನು ಕಂಡ ಮಟ್ಟಿಗೆ ಹೆಚ್ಚಿನ ಸಲ ಗುಳ್ಳೆ ಸರಿಯಾಗಿಯೇ ಹುಟ್ಟಿರುತ್ತದೆ. ಆಮೇಲೆ ಬೂಚಿನಲ್ಲೋ, ಸೂಜಿಯಲ್ಲೋ, ಬೆರೆಸುವ ನೀರಿನಲ್ಲೋ ಸಾಯುತ್ತದೆ. ಅದಕ್ಕೇ ಈ ಬರಹದಲ್ಲಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಲಿಪಿಡ್ ಕೊನೆಗೆ.

ಗುಳ್ಳೆ ಯಾಕೆ ಸಾಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಗುಳ್ಳೆಯ ಅಡ್ಡಳತೆ 1ರಿಂದ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಕೆಂಪು ರಕ್ತಕಣದ್ದು 7–8 ಮೈಕ್ರಾನ್. ನೀರಿನ ಮೇಲ್ಮೈ ಎಳೆತ ಗುಳ್ಳೆಯನ್ನು ಎಲ್ಲ ಕಡೆಯಿಂದ ಹಿಂಡುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಈ ಹಿಂಡುವಿಕೆ ಜಾಸ್ತಿ. ಹೊದಿಕೆಯಿಲ್ಲದ 2 ಮೈಕ್ರಾನ್ ಗುಳ್ಳೆಯ ಒಳಗೆ ಹೊರಗಿಗಿಂತ ಸುಮಾರು 1.4 ವಾತಾವರಣದಷ್ಟು ಒತ್ತಡ ಜಾಸ್ತಿ ಇರುತ್ತದೆ. ಒಳಗಿನ ಗ್ಯಾಸ್ ನೀರಿಗೆ ಕರಗಿ ಹೋಗುತ್ತಲೇ ಇರುತ್ತದೆ. ಇದರ ಲೆಕ್ಕವನ್ನು ಎಪ್‌ಸ್ಟೈನ್ ಮತ್ತು ಪ್ಲೆಸೆಟ್ 1950ರಲ್ಲೇ ಹಾಕಿಕೊಟ್ಟಿದ್ದಾರೆ. ಆ ಲೆಕ್ಕದ ಪ್ರಕಾರ ಇಷ್ಟು ಚಿಕ್ಕ ಗಾಳಿಗುಳ್ಳೆ ಒಂದು ಸೆಕೆಂಡೂ ಬಾಳುವುದಿಲ್ಲ.

ಅದನ್ನು ಎರಡು ವಿಷಯ ಕಾಯುತ್ತವೆ. ಒಂದು, 2–3 ನ್ಯಾನೋಮೀಟರ್ ದಪ್ಪದ ಲಿಪಿಡ್ ಹೊದಿಕೆ. ಅದು ಮೇಲ್ಮೈ ಎಳೆತವನ್ನು ಇಳಿಸುತ್ತದೆ, ಗ್ಯಾಸಿನ ದಾರಿಗೂ ಅಡ್ಡ ನಿಲ್ಲುತ್ತದೆ. ಎರಡು, ನೀರಿನಲ್ಲಿ ಅಷ್ಟಾಗಿ ಕರಗದ ಭಾರದ ಗ್ಯಾಸ್: ಪರ್‌ಫ್ಲೋರೋಬ್ಯುಟೇನ್, ಪರ್‌ಫ್ಲೋರೋಪ್ರೋಪೇನ್ ಅಥವಾ ಸಲ್ಫರ್ ಹೆಕ್ಸಾಫ್ಲೋರೈಡ್. ಗುಳ್ಳೆ ಬೇಗ ಹೋಯಿತು ಅಂದರೆ ಈ ಎರಡರಲ್ಲಿ ಒಂದು ಕೈಕೊಟ್ಟಿದೆ, ಇಲ್ಲವೇ ನಾವೇ ಹೊರಗಿನಿಂದ ಒತ್ತಡ ಹಾಕಿದ್ದೇವೆ.

ಇಲ್ಲಿ ಹೇಳುವುದು ಸಾಮಾನ್ಯವಾಗಿ ಬಳಸುವ ಪಾಕಕ್ಕೆ: ಡಿಎಸ್‌ಪಿಸಿ ಎಂಬ ಲಿಪಿಡ್ ಮತ್ತು ಡಿಎಸ್‌ಪಿಇ-ಪೆಗ್ 2000 (ಪೆಗ್ ಎಂಬ ಉದ್ದ ಸರಪಳಿ ಅಂಟಿಸಿದ ಲಿಪಿಡ್), ಮೋಲ್ (ಅಣುಗಳ ಸಂಖ್ಯೆ) ಲೆಕ್ಕದಲ್ಲಿ 9ಕ್ಕೆ 1. ಬಫರ್ (ಆಮ್ಲ-ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ), ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ 80:10:10. ಮೇಲಿನ ಖಾಲಿ ಜಾಗದಲ್ಲಿ ಪರ್‌ಫ್ಲೋರೋಬ್ಯುಟೇನ್. ಹಲ್ಲಿನ ಡಾಕ್ಟರು ಬೆಳ್ಳಿ ಸಿಮೆಂಟ್ ಕಲಸಲು ಬಳಸುತ್ತಿದ್ದ ಅಮಾಲ್ಗಮೇಟರ್‌ನಲ್ಲಿ 45 ಸೆಕೆಂಡ್ ಕುಲುಕುವುದು.

## ಕೈ ಹಾಕುವ ಮೊದಲು

ಈ ಗ್ಯಾಸ್‌ಗಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ತುಂಬಾ ಭಾರ. ಸಲ್ಫರ್ ಹೆಕ್ಸಾಫ್ಲೋರೈಡ್ ಸುಮಾರು 5 ಪಟ್ಟು, ಪರ್‌ಫ್ಲೋರೋಬ್ಯುಟೇನ್ ಸುಮಾರು 8 ಪಟ್ಟು. ಸೋರಿದರೆ ನೆಲದ ಮಟ್ಟದಲ್ಲಿ ನಿಂತು ಉಸಿರಾಡುವ ಗಾಳಿಯನ್ನು ಆಚೆ ತಳ್ಳುತ್ತವೆ. ಕಿಟಕಿಯಿಲ್ಲದ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಸಿಲಿಂಡರ್ ತೆರೆಯಬೇಡಿ. ಭೂಮಿಯನ್ನು ಬಿಸಿಮಾಡುವುದರಲ್ಲೂ ಇವು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಮುಂದೆ. ಸುಮ್ನೆ ಬಿಟ್ಟು ಹರಿಸಬೇಡಿ.

ಲಿಪಿಡ್ ಕರಗಿಸಲು ಬಳಸುವ ಕ್ಲೋರೋಫಾರ್ಮ್‌ನ ಕೆಲಸವೆಲ್ಲ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೇ ಆಗಲಿ. ತೆಳು ನೈಟ್ರೈಲ್ ಗ್ಲೌಸ್ ಅದನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಮೇಲೆ ಬಿದ್ದರೆ ತಕ್ಷಣ ಬದಲಿಸಿ. ಕುಲುಕುವಾಗ ಗಾಜಿನ ವಯಲ್ ಒಡೆಯಬಹುದು, ಮುಚ್ಚಳ ಹಾಕದೆ ಯಂತ್ರ ಓಡಿಸಬೇಡಿ, ಕನ್ನಡಕ ಹಾಕಿಕೊಳ್ಳಿ. ಪ್ರೋಬ್ ಸೋನಿಕೇಟರ್ (ಶಬ್ದದಲೆಯಿಂದ ದ್ರವ ಕಲಕುವ ಯಂತ್ರ) ಬಳಸುವವರು ಕಿವಿಗೆ ಇಯರ್ ಮಫ್ ಹಾಕಲೇಬೇಕು.

ಇನ್ನೊಂದು ಮಾತು. ಲ್ಯಾಬ್‌ನಲ್ಲಿ ಮಾಡಿದ ಗುಳ್ಳೆ ಮನುಷ್ಯರಿಗೆ ಅಲ್ಲ. ಎಷ್ಟೇ ಚೆನ್ನಾಗಿ ಬಂದಿದ್ದರೂ ಅಲ್ಲ.

## ಮೊದಲ ಎರಡು ನಿಮಿಷ

ಏನನ್ನೂ ಬದಲಿಸುವ ಮೊದಲು ವಯಲ್ ಅನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಕೆನೆ ಕಟ್ಟಿದೆಯಾ? ನಿಧಾನವಾಗಿ ಹತ್ತು ಸಲ ಮಗುಚಿ, ಮತ್ತೆ ನೋಡಿ. ಹಾಲಿನ ಬಣ್ಣ ಮರಳಿ ಬಂದರೆ ಗುಳ್ಳೆ ಸತ್ತಿಲ್ಲ, ತೇಲಿ ಮೇಲೆ ಹೋಗಿದೆ ಅಷ್ಟೇ. ಗಾಬರಿಪಟ್ಟು ಓಡಿ ಬಂದವರಲ್ಲಿ ಎಷ್ಟೋ ಜನ ಇಲ್ಲೇ ನಗುತ್ತಾ ವಾಪಸ್ ಹೋಗಿದ್ದಾರೆ.

ಆಮೇಲೆ ಒಂದು ಹನಿ ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಕುಲುಕಿದ ಹೊತ್ತು, ನೋಡಿದ ಹೊತ್ತು, ಕೋಣೆಯ ಬಿಸಿ, ಎಷ್ಟನೇ ಸಲ ಸೂಜಿ ಚುಚ್ಚಿದ್ದು, ಈ ನಾಲ್ಕನ್ನು ಬರೆದಿಟ್ಟುಕೊಳ್ಳಿ. ಹೊತ್ತು ಬರೆಯದೆ "ಬೇಗ ಹೋಯ್ತು" ಅಂದರೆ ಯಾರೂ ಸಹಾಯ ಮಾಡಲಾರರು.

## ಕುಲುಕಿದ ಮೇಲೂ ಹಾಲಿನ ಬಣ್ಣ ಬರಲಿಲ್ಲ

ಸರಿಯಾಗಿ ಬಂದ ವಯಲ್ ದಪ್ಪ ಹಾಲಿನ ಹಾಗಿರುತ್ತದೆ, ಒಳಗೆ ಒಂದೊಂದು ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ. ಅಂಟುವಾಳದ ನೊರೆಯಂತೆ ದೊಡ್ಡ ದೊಡ್ಡ ಗುಳ್ಳೆ ಕಂಡು, ಕೆಳಗೆ ತಿಳಿನೀರು ಉಳಿದರೆ ಏನೋ ತಪ್ಪಿದೆ.

ಮೊದಲು ಯಂತ್ರ ನೋಡಿ. ವಯಲ್ ಹಿಡಿಯುವ ಕವೆ ಸಡಿಲವಾಗಿದ್ದರೆ ಸದ್ದು ಬದಲಾಗುತ್ತದೆ, ದಿನವೂ ಕೇಳುವ ಕಿವಿಗೆ ಅದು ಗೊತ್ತಾಗುತ್ತದೆ. ಟೈಮರ್ 45 ಸೆಕೆಂಡ್ ಪೂರ್ತಿ ಓಡಿತಾ ನೋಡಿ. ಮುಂದಿನದು ವಯಲ್ ಎಷ್ಟು ತುಂಬಿದೆ ಅನ್ನುವುದು. ಕಂಠದವರೆಗೆ ತುಂಬಿದರೆ ಗ್ಯಾಸಿಗೂ ನೀರಿಗೂ ಬಡಿದಾಡಲು ಜಾಗ ಇರುವುದಿಲ್ಲ. ಅರ್ಧದ ಆಸುಪಾಸು ಇರಲಿ, ಪ್ರತಿ ಸಲ ಅಷ್ಟೇ ಇರಲಿ.

ಇಷ್ಟು ಸರಿ ಇದ್ದರೆ, ಇನ್ನೂ ಕುಲುಕದ ವಯಲ್ ಒಂದನ್ನು ಬೆಳಕಿಗೆ ಹಿಡಿಯಿರಿ. ಲಿಪಿಡ್ ಚೆನ್ನಾಗಿ ಹರಡಿದ್ದರೆ ನೀರು ಹೆಚ್ಚುಕಡಿಮೆ ತಿಳಿಯಾಗಿ, ಸ್ವಲ್ಪ ನೀಲಿ ಛಾಯೆಯಲ್ಲಿ ಕಾಣುತ್ತದೆ. ಬಿಳಿ ಚೂರು, ಪೊರೆ, ಗಂಟು ಕಂಡರೆ ಕರಗಿಸುವಾಗ ಬಿಸಿ ಸಾಲದು ಎಂದರ್ಥ. ಡಿಎಸ್‌ಪಿಸಿ ಮೆತ್ತಗಾಗುವುದು 55 ಡಿಗ್ರಿಯಲ್ಲಿ. ವಾಟರ್ ಬಾತ್ 60–65 ಡಿಗ್ರಿ ಇರಬೇಕು. ಬಾತ್‌ನ ಗೋಡೆ ಮೇಲೆ ತೋರಿಸುವ ಅಂಕಿಯನ್ನು ನಂಬಬೇಡಿ, ವಯಲ್ ಪಕ್ಕ ಥರ್ಮಾಮೀಟರ್ ಇಟ್ಟು ನೋಡಿ. ಬಿಸಿಮಾಡಿ, ಬಾತ್ ಸೋನಿಕೇಟರ್‌ನಲ್ಲಿ ಗಂಟು ಹೋಗುವವರೆಗೆ ಇಟ್ಟು, ಮತ್ತೆ ಪ್ರಯತ್ನಿಸಿ. ಕುಲುಕುವ ಹೊತ್ತಿಗೆ ವಯಲ್ ಪ್ರತಿ ಸಲ ಒಂದೇ ಬಿಸಿಯಲ್ಲಿರಲಿ. ಒಂದು ದಿನ ಫ್ರಿಜ್‌ನಿಂದ ತೆಗೆದು ನೇರವಾಗಿ, ಇನ್ನೊಂದು ದಿನ ಬಾತ್‌ನಿಂದ ತೆಗೆದು ಬಿಸಿಬಿಸಿಯಾಗಿ ಕುಲುಕಿದರೆ ಎರಡು ದಿನದ ಗಾತ್ರ ಹೊಂದುವುದಿಲ್ಲ.

## ಚೆನ್ನಾಗಿ ಬಂತು, ಆದರೆ ಗಂಟೆಗಳಲ್ಲಿ ಮಾಯವಾಯಿತು

ಮಗುಚಿದರೂ ತಿಳಿಯಾಗೇ ಉಳಿದರೆ ಗುಳ್ಳೆ ನಿಜವಾಗಿ ಹೋಗಿದೆ. ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ.

ಮೊದಲ ಅನುಮಾನ ವಯಲ್‌ನ ಖಾಲಿ ಜಾಗದ ಮೇಲೆ. ಅಲ್ಲಿ ಪೂರ್ತಿ ಪರ್‌ಫ್ಲೋರೋಬ್ಯುಟೇನ್ ಇದೆಯಾ, ಇಲ್ಲ ಅರ್ಧ ಗಾಳಿಯಾ? ಸೂಜಿ ಹಾಕಿ ಸ್ವಲ್ಪ ಹೊತ್ತು ಗ್ಯಾಸ್ ಹಾಯಿಸಿದರೆ ಗಾಳಿ ಪೂರ್ತಿ ಹೋಗುವುದಿಲ್ಲ. ವ್ಯಾಕ್ಯೂಮ್ ಎಳೆದು ಗ್ಯಾಸ್ ತುಂಬುವುದನ್ನು ಮೂರು ನಾಲ್ಕು ಸಲ ಮಾಡಬೇಕು. ಪರೀಕ್ಷೆ ಸುಲಭ: ಒಂದೇ ಲಿಪಿಡ್‌ನ ಎರಡು ವಯಲ್ ತಗೊಳ್ಳಿ. ಒಂದಕ್ಕೆ ನೀವು ದಿನವೂ ಮಾಡುವಷ್ಟು, ಇನ್ನೊಂದಕ್ಕೆ ಅದರ ಎರಡರಷ್ಟು ಸಲ ಗ್ಯಾಸ್ ಬದಲಿಸಿ. ಒಟ್ಟಿಗೆ ಕುಲುಕಿ, ಅರ್ಧ ಗಂಟೆಗೊಮ್ಮೆ ನೋಡಿ. ಎರಡನೆಯದು ಗೆದ್ದರೆ ಲಿಪಿಡ್ ನಿರಪರಾಧಿ.

ಎರಡನೆಯದು ಬೂಚು. ನನ್ನದೇ ಅನುಭವ ಹೇಳುತ್ತೇನೆ. ಒಂದು ಸಲ ಮೂರು ವಾರ ಪೂರ್ತಿ ನಮ್ಮ ಗುಳ್ಳೆ ಮಧ್ಯಾಹ್ನದ ಹೊತ್ತಿಗೆ ಸಾಯುತ್ತಿತ್ತು. ಬಫರ್ ಬದಲಿಸಿದೆವು, ಪೆಗ್ ಪಾಲು ಏರಿಸಿದೆವು, ಹೊಸ ಲಿಪಿಡ್‌ಗೆ ಬರೆದೂ ಆಯಿತು. ಒಂದು ಸಂಜೆ ವಯಲ್ ಒರೆಸಿ ಟ್ರೇಗೆ ಇಡುತ್ತಿದ್ದೆ. ಹೆಬ್ಬೆರಳಿಗೆ ಅಲ್ಯೂಮಿನಿಯಂ ಮುಚ್ಚಳ ಸಣ್ಣಗೆ ತಿರುಗಿದ ಹಾಗಾಯಿತು. ಇನ್ನೊಂದು ತೆಗೆದು ತಿರುಗಿಸಿದೆ. ಅದೂ ತಿರುಗಿತು. ಮುಚ್ಚಳದ ಅಂಚು ಒತ್ತಿ ಬಿಗಿಯುವ (ಕ್ರಿಂಪ್ ಮಾಡುವ) ಇಕ್ಕಳದ ಸ್ಕ್ರೂ ಸಡಿಲವಾಗಿ, ರಬ್ಬರ್ ಬೂಚು ಪೂರ್ತಿ ಒತ್ತಿಕೊಂಡಿರಲಿಲ್ಲ. ಅರ್ಧ ಸುತ್ತು ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ಮಾಡಿದ ವಯಲ್ ಸಂಜೆ ಬಾಗಿಲು ಹಾಕುವಾಗಲೂ ಬೆಳ್ಳಗೇ ಇತ್ತು. ಅವತ್ತಿನಿಂದ ನಾನು ಮೊದಲು ಮುಟ್ಟುವುದು ಮುಚ್ಚಳವನ್ನು. ಬೆರಳಲ್ಲಿ ತಿರುಗಿದರೆ ಅದು ಸೋರುವ ವಯಲ್.

ಒಂದೇ ಬೂಚಿಗೆ ದಪ್ಪ ಸೂಜಿ ಹತ್ತು ಸಲ ಚುಚ್ಚಿದರೂ ಅಷ್ಟೇ. ಅದರ ಜೊತೆಗೆ, ಮಾದರಿ ಎಳೆಯುವಾಗ ಒತ್ತಡ ಸರಿಹೋಗಲಿ ಅಂತ ಇನ್ನೊಂದು ಸೂಜಿ ಹಾಕುತ್ತೇವಲ್ಲ, ಅದರಿಂದ ಒಳಗೆ ಹೋಗುವುದು ಗಾಳಿಯೇ. ಮೊದಲ ಮಾದರಿಗೆ ಏನೂ ಆಗುವುದಿಲ್ಲ, ಐದನೆಯದಕ್ಕೆ ಆಗುತ್ತದೆ. ಒಂದು ವಯಲ್ ಒಂದೇ ಸಲಕ್ಕೆ ಬಳಸುವುದು ಒಳ್ಳೆಯದು. ಆಗದಿದ್ದರೆ ಆ ಸೂಜಿಗೆ ಅದೇ ಗ್ಯಾಸ್ ತುಂಬಿದ ಸಣ್ಣ ಚೀಲ ಕಟ್ಟಿ.

ಮೂರನೆಯದು ಬೆರೆಸುವ ನೀರು. ವಯಲ್‌ನಲ್ಲಿ ಚೆನ್ನಾಗಿದ್ದು, ಬಫರ್‌ಗೆ ಹಾಕಿದ ನಿಮಿಷಗಳಲ್ಲಿ ಹೋದರೆ ನೇರವಾಗಿ ಇಲ್ಲಿಗೆ ಬನ್ನಿ. ಅಲ್ಟ್ರಾಸೌಂಡ್ ಲ್ಯಾಬ್‌ನಲ್ಲಿ ತೊಟ್ಟಿಗೆ ತುಂಬಲು ಗಾಳಿ ತೆಗೆದ ನೀರು ಇಟ್ಟಿರುತ್ತಾರೆ, ಅಲ್ವಾ? ಕೈಗೆ ಸಿಕ್ಕಿತು ಅಂತ ಅದರಲ್ಲೇ ಗುಳ್ಳೆ ಬೆರೆಸುವವರಿದ್ದಾರೆ. ಆ ನೀರು ಗ್ಯಾಸಿಗಾಗಿ ಹಸಿದು ಕೂತಿರುತ್ತದೆ. ಗುಳ್ಳೆಯೊಳಗಿನದನ್ನೇ ಎಳೆದುಕೊಂಡುಬಿಡುತ್ತದೆ. ಬೆರೆಸುವ ಬಫರ್ ಗಾಳಿಗೆ ತೆರೆದಿಟ್ಟು ಕೋಣೆಯ ಬಿಸಿಗೆ ಬಂದದ್ದಾಗಿರಲಿ. ಫ್ರಿಜ್‌ನಿಂದ ತೆಗೆದ ಬಫರ್ ಇದಕ್ಕೆ ಉಲ್ಟಾ ಮಾಡುತ್ತದೆ. ತಣ್ಣೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಅದು ಬೆಚ್ಚಗಾಗುತ್ತಾ ಹೋದಂತೆ ಗಾಳಿ ಗುಳ್ಳೆಯೊಳಗೆ ನುಗ್ಗಿ ಗುಳ್ಳೆ ಊದುತ್ತದೆ. ಸರಿಯಾದ ಬಫರ್‌ನಲ್ಲೂ ಪರ್‌ಫ್ಲೋರೋಬ್ಯುಟೇನ್ ಗುಳ್ಳೆ ಶುರುವಿನಲ್ಲಿ ಸ್ವಲ್ಪ ಊದುವುದುಂಟು, ನೀರಿನಲ್ಲಿರುವ ಗಾಳಿ ಒಳಗೆ ಬರುವುದರಿಂದ. ಅದು ದೋಷ ಅಲ್ಲ.

ಈ ಮೂರೂ ಸರಿ ಇದ್ದರೆ ಮಾತ್ರ ಹೊದಿಕೆಯ ಕಡೆ ತಿರುಗಿ. ಲಿಪಿಡ್‌ನ ಬಾಲ ಉದ್ದವಿದ್ದಷ್ಟೂ ಹೊದಿಕೆ ಗಟ್ಟಿ, ಗ್ಯಾಸಿಗೆ ದಾರಿ ಕಡಿಮೆ. 14 ಇಂಗಾಲದ ಡಿಎಂಪಿಸಿ ಸುಮಾರು 24 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಬೇಸಿಗೆಯ ಕೋಣೆಯಲ್ಲಿ ಅದರ ಗುಳ್ಳೆ ಹೇಗೆ ತಾನೇ ಉಳಿಯಬೇಕು? 16 ಇಂಗಾಲದ ಡಿಪಿಪಿಸಿ 41 ಡಿಗ್ರಿಯಲ್ಲಿ. ಮೈಬಿಸಿ 37ರಲ್ಲಿ ಪರೀಕ್ಷಿಸುವವರಿಗೆ ಅದು ಅಂಚಿನ ಮೇಲಿನ ನಡಿಗೆ. 18 ಇಂಗಾಲದ ಡಿಎಸ್‌ಪಿಸಿಗೆ 55. ಡಬ್ಬಿಯ ಮೇಲಿನ ಹೆಸರನ್ನು ಒಂದು ಸಲ ಓದಿ ಖಚಿತ ಮಾಡಿಕೊಳ್ಳಿ. ಈ ನಾಲ್ಕಕ್ಷರದ ಹೆಸರುಗಳು ಅದಲುಬದಲಾಗುವುದು ಸುಲಭ.

## ಸಿರಿಂಜಿಗೆ ಎಳೆದ ಮೇಲೆ ಎಣಿಕೆ ಕುಸಿಯುತ್ತದೆ

ವಯಲ್‌ನಿಂದ ಒಂದು ಹನಿ ನೇರವಾಗಿ ನೋಡಿದರೆ ತುಂಬಾ ಗುಳ್ಳೆ. ಸಿರಿಂಜಿನಿಂದ ಬಂದ ಹನಿಯಲ್ಲಿ ಅರ್ಧವೂ ಇಲ್ಲ. ಹಾಗಿದ್ದರೆ ತಪ್ಪು ಕೈಯಲ್ಲಿದೆ.

ಮುಚ್ಚಿದ ವಯಲ್‌ನಿಂದ ಜೋರಾಗಿ ಎಳೆದರೆ ಒಳಗೆ ಒತ್ತಡ ಬೀಳುತ್ತದೆ. ಗುಳ್ಳೆ ಹಿಗ್ಗಿ ಹೊದಿಕೆ ಹರಿಯುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ತಳ್ಳಿದರೆ ಒತ್ತಡ ಏರಿ ಗ್ಯಾಸ್ ಕರಗುತ್ತದೆ. ಎರಡೂ ಕಡೆ ಸಾವೇ. 18 ಗೇಜ್‌ನ ದಪ್ಪ ಸೂಜಿ ಬಳಸಿ, ಒತ್ತಡ ಸರಿಹೋಗಲು ಇನ್ನೊಂದು ಸೂಜಿ ಇರಲಿ, ಪಿಸ್ಟನ್ ನಿಧಾನ. ಜೇನುತುಪ್ಪ ಎಳೆಯುತ್ತಿದ್ದೀರಿ ಅಂದುಕೊಳ್ಳಿ.

ಸಿರಿಂಜ್ ಟ್ರೇ ಮೇಲೆ ಮಲಗಿಸಿಟ್ಟು ಹತ್ತು ನಿಮಿಷ ಬೇರೆ ಕೆಲಸಕ್ಕೆ ಹೋದರೂ ಎಣಿಕೆ ತಪ್ಪುತ್ತದೆ. ಗುಳ್ಳೆ ಮೇಲಿನ ಗೋಡೆಗೆ ಹೋಗಿ ಅಂಟಿಕೊಂಡಿರುತ್ತದೆ. ಮೂತಿಯಿಂದ ಬರುವುದು ಬರೀ ನೀರು. ಬಳಸುವ ಮೊದಲು ಬೆರಳುಗಳ ನಡುವೆ ಉರುಳಿಸಿ, ಮಗುಚಿ, ತಕ್ಷಣ ಬಳಸಿ.

ಇಲ್ಲೇ ಒಂದು ಉಪಯುಕ್ತ ಪರೀಕ್ಷೆ ಹೇಳಿಬಿಡುತ್ತೇನೆ. ಬಿಳಿ ಬಣ್ಣ ಗುಳ್ಳೆಯದೋ, ಹರಡದ ಲಿಪಿಡ್‌ನದೋ ಅನ್ನುವ ಅನುಮಾನ ಇದೆಯೇ? ಸ್ವಲ್ಪ ತೆಳು ಮಾಡಿದ ಮಾದರಿಯನ್ನು ಸಿರಿಂಜಿಗೆ ತಗೊಳ್ಳಿ. ಸೂಜಿ ತೆಗೆದು, ಮೇಲಿರುವ ಗಾಳಿಯನ್ನೆಲ್ಲ ಹೊರಹಾಕಿ, ಮೂತಿಗೆ ಮುಚ್ಚಳ ಬಿಗಿದು ಪಿಸ್ಟನ್ ಜೋರಾಗಿ ಒತ್ತಿ. ಗುಳ್ಳೆಯಾದರೆ ಕಣ್ಣೆದುರೇ ತಿಳಿಯಾಗುತ್ತಾ ಹೋಗುತ್ತದೆ. ಲಿಪಿಡ್ ಚೂರುಗಳಾದರೆ ಬೆಳ್ಳಗೇ ಉಳಿಯುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಅನ್ನುವಂಥ ನೋಟ ಅದು.

## ದಿನ ಕಳೆದಂತೆ ದೊಡ್ಡ ಗುಳ್ಳೆಗಳು ಜಾಸ್ತಿಯಾಗುತ್ತಿವೆ

ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಲಕ್ಷಣ ತೋರಿಸುತ್ತವೆ. ಔಷಧ ಬೇರೆ, ಅದಕ್ಕೇ ಬೇರ್ಪಡಿಸಿ ನೋಡಬೇಕು.

ಒಂದು, ಗುಳ್ಳೆಗೆ ಗುಳ್ಳೆ ಕೂಡಿ ಒಂದಾಗುವುದು. ಇದು ನಿಮಿಷಗಳಲ್ಲಿ ಆಗುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡು, ಮಧ್ಯದ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ನೋಡುತ್ತಿರುವಾಗಲೇ ಎರಡು ಒಂದಾಗುವುದೂ ಉಂಟು. ಹೊದಿಕೆಯಿಂದ ಹೊರಕ್ಕೆ ಕೂದಲಿನಂತೆ ಚಾಚಿಕೊಂಡ ಪೆಗ್ ಗುಳ್ಳೆಗಳನ್ನು ದೂರ ಇಡುತ್ತದೆ. ಪೆಗ್ ಲಿಪಿಡ್ ಸಾಲದಿದ್ದರೆ, ತೂಕದಲ್ಲಿ ತಪ್ಪಿದ್ದರೆ ಹೀಗಾಗುತ್ತದೆ. ಆದರೆ ತಕ್ಕಡಿ ನೋಡುವ ಮೊದಲು ಸಿಂಕ್ ನೋಡಿ. ತೊಳೆದ ಗಾಜಿನಲ್ಲಿ ಸೋಪಿನ ಪಸೆ ಉಳಿದಿದ್ದರೆ ಅದು ಹೊದಿಕೆಯೊಳಗೆ ತೂರಿ ಲಿಪಿಡ್ ಅನ್ನು ಆಚೆ ನೂಕುತ್ತದೆ. ಹೊಸ ವಯಲ್ ಒಂದರಲ್ಲಿ ಮಾಡಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಲೋರೋಫಾರ್ಮ್ ಅನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ, ಪ್ಲಾಸ್ಟಿಕ್ ಟಿಪ್ಪಿನಲ್ಲಿ ತೆಗೆದಿದ್ದರೂ ಇದೇ ಪಾಡು. ಪ್ಲಾಸ್ಟಿಕ್‌ನ ಅಂಶ ಕರಗಿ ಲಿಪಿಡ್ ಜೊತೆ ಸೇರಿಕೊಳ್ಳುತ್ತದೆ. ಗಾಜಿನ ಸಿರಿಂಜೇ ಬಳಸಿ. ಒಣಗಿಸಿದ ಲಿಪಿಡ್ ಪೊರೆಯನ್ನು ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿಟ್ಟು ಉಳಿದ ಕ್ಲೋರೋಫಾರ್ಮ್ ತೆಗೆಯಿರಿ.

ಇನ್ನೊಂದು, ಚಿಕ್ಕದರ ಗ್ಯಾಸ್ ದೊಡ್ಡದಕ್ಕೆ ಹೋಗುವುದು. ಓಸ್ಟ್‌ವಾಲ್ಡ್ ರೈಪನಿಂಗ್ ಅನ್ನುತ್ತಾರೆ. ಚಿಕ್ಕ ಗುಳ್ಳೆಯಲ್ಲಿ ಒತ್ತಡ ಜಾಸ್ತಿ, ಅದರ ಗ್ಯಾಸ್ ನೀರಿನ ಮೂಲಕ ಪಕ್ಕದ ದೊಡ್ಡದಕ್ಕೆ ಸೇರುತ್ತದೆ. ಇದು ಗಂಟೆಗಳಲ್ಲಿ, ದಿನಗಳಲ್ಲಿ ನಡೆಯುವ ಕೆಲಸ. ಗೋಡೆಗಳು ದುಂಡಗೇ ಇರುತ್ತವೆ. ಚಿಕ್ಕವು ಮೆಲ್ಲಗೆ ಕಡಿಮೆಯಾಗುತ್ತಾ, ದೊಡ್ಡವು ಏರುತ್ತಾ ಹೋಗುತ್ತವೆ. ಇದಕ್ಕೆ ಪೆಗ್ ಜಾಸ್ತಿ ಹಾಕಿ ಪ್ರಯೋಜನವಿಲ್ಲ. ಗಾತ್ರದಲ್ಲಿ ಅಂತರ ಇರುವುದೇ ಇದರ ಮೂಲ, ಹಾಗಾಗಿ ಮಾಡಿದ ದಿನವೇ ಗಾತ್ರ ಬೇರ್ಪಡಿಸಿ ಇಟ್ಟರೆ ನಿಧಾನವಾಗುತ್ತದೆ. ಅದೇ ಗ್ಯಾಸ್ ತುಂಬಿದ ಬಿಗಿ ವಯಲ್‌ನಲ್ಲಿ 4 ಡಿಗ್ರಿಯಲ್ಲಿ ಇಡಿ. ಫ್ರೀಜರ್‌ಗೆ ಹಾಕಬೇಡಿ, ಮಂಜುಗಡ್ಡೆಯ ಹರಳು ಹೊದಿಕೆಯನ್ನು ಹರಿದುಬಿಡುತ್ತದೆ.

ಬೆಂಗಳೂರಿನ ಎತ್ತರದಲ್ಲಿ ಗುಳ್ಳೆ ಹಿಗ್ಗುತ್ತದಾ ಅಂತ ಕರಾವಳಿಯಿಂದ ಬಂದ ಹುಡುಗನೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲು. ಅಡ್ಡಳತೆಯಲ್ಲಿ ಅದು ಹೆಚ್ಚೆಂದರೆ ಶೇ. 4ರ ವ್ಯತ್ಯಾಸ. ಅದರ ಚಿಂತೆ ಬಿಡಿ.

## ಅಳೆದಾಗಲೆಲ್ಲ ಬೇರೆ ಬೇರೆ ಅಂಕಿ

ಇದು ಗುಳ್ಳೆಯ ದೋಷ ಅಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ಒಂದೇ ವಯಲ್‌ನಿಂದ ಮೂರು ಸಲ ಅಳೆಯಿರಿ. ಮೂರರಲ್ಲೇ ಹೊಂದಾಣಿಕೆ ಇಲ್ಲದಿದ್ದರೆ ವಯಲ್‌ಗಳ ನಡುವಿನ ವ್ಯತ್ಯಾಸದ ಮಾತೇ ಎತ್ತಬೇಡಿ.

ಹೀಮೋಸೈಟೋಮೀಟರ್‌ನಲ್ಲಿ (ರಕ್ತಕಣ ಎಣಿಸಲು ಗೀಟು ಹಾಕಿದ ಗಾಜಿನ ಸ್ಲೈಡ್) ಎಣಿಸುವವರು ಒಂದನ್ನು ನೆನಪಿಡಿ. ರಕ್ತಕಣ ಕೆಳಗೆ ಕೂರುತ್ತದೆ, ಗುಳ್ಳೆ ಮೇಲೆ ಏರುತ್ತದೆ. ಗೀಟುಗಳ ಮೇಲೆ ಫೋಕಸ್ ಇಟ್ಟು "ಏನೂ ಇಲ್ಲ" ಅಂದುಕೊಳ್ಳುತ್ತೇವೆ. ಫೋಕಸ್ ಅನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಕವರ್ ಸ್ಲಿಪ್‌ನ ಒಳಮೈಗೆ ತಾಗುವ ಹೊತ್ತಿಗೆ ಕಪ್ಪು ಉಂಗುರ, ನಡುವೆ ಬೆಳಕಿನ ಚುಕ್ಕಿ, ಹೀಗೆ ಸಾಲುಸಾಲು ಗುಳ್ಳೆ ಎದ್ದು ಬರುತ್ತವೆ. ಎಲ್ಲ ಮೇಲೇರಲು ಕೆಲವು ನಿಮಿಷ ಕೊಡಿ, ಪ್ರತಿ ಸಲ ಅಷ್ಟೇ ನಿಮಿಷ.

ಕಣಗಳನ್ನು ಸಣ್ಣ ತೂತಿನಲ್ಲಿ ಒಂದೊಂದಾಗಿ ಹಾಯಿಸಿ ಎಣಿಸುವ ಕೋಲ್ಟರ್ ಕೌಂಟರ್‌ನಲ್ಲಿ ಆ ತೂತು ಎಷ್ಟು ದೊಡ್ಡದು ನೋಡಿ. 30 ಮೈಕ್ರಾನ್ ತೂತು 0.6ರಿಂದ 18 ಮೈಕ್ರಾನ್‌ವರೆಗೆ ಕಾಣುತ್ತದೆ. ಅದಕ್ಕಿಂತ ಚಿಕ್ಕವು ಇದ್ದರೂ ಅದಕ್ಕೆ ಇಲ್ಲ. ಮಾದರಿ ದಪ್ಪವಾಗಿದ್ದರೆ ಎರಡು ಗುಳ್ಳೆ ಒಟ್ಟಿಗೆ ಹಾಯ್ದು ಒಂದು ದೊಡ್ಡದೆಂದು ಎಣಿಕೆಯಾಗುತ್ತದೆ. ತೆಳು ಮಾಡಿ ಮತ್ತೆ ಅಳೆಯಿರಿ, "ದೊಡ್ಡವು" ಮಾಯವಾದರೆ ಅವು ಇರಲೇ ಇಲ್ಲ. ಬೆಳಕು ಚದುರಿಸಿ ಅಳೆಯುವ ಡಿಎಲ್‌ಎಸ್ ಯಂತ್ರ ಈ ಗಾತ್ರಕ್ಕೆ ಹೇಳಿದ್ದಲ್ಲ. ಗುಳ್ಳೆ ತೇಲುತ್ತಲೇ ಇರುತ್ತದೆ, ಅದರ ಲೆಕ್ಕ ಕೆಡುತ್ತದೆ.

ವರದಿಯಲ್ಲಿ ಸಂಖ್ಯೆಯ ಸರಾಸರಿಯೋ, ಗ್ಯಾಸಿನ ಪ್ರಮಾಣದ ಸರಾಸರಿಯೋ ಅಂತ ಬರೆಯಿರಿ. ಒಂದು 10 ಮೈಕ್ರಾನ್ ಗುಳ್ಳೆಯಲ್ಲಿ ಸಾವಿರ 1 ಮೈಕ್ರಾನ್ ಗುಳ್ಳೆಗಳ ಗ್ಯಾಸ್ ಇರುತ್ತದೆ. ಸಂಖ್ಯೆಯಲ್ಲಿ ನೋಡಿದರೆ "ಚಿಕ್ಕವೇ ಎಲ್ಲ", ಪ್ರಮಾಣದಲ್ಲಿ ನೋಡಿದರೆ "ದೊಡ್ಡವೇ ಎಲ್ಲ". ಎರಡೂ ನಿಜ.

## ಗಾತ್ರ ಒಂದೇ ಸಮ ಇಲ್ಲ

ಕುಲುಕಿ ಮಾಡಿದ ಗುಳ್ಳೆ ಎಂದಿಗೂ ಒಂದೇ ಸಮ ಇರುವುದಿಲ್ಲ. ಒಂದಕ್ಕಿಂತ ಚಿಕ್ಕದರಿಂದ ಹತ್ತರವರೆಗೆ ಹರಡಿರುತ್ತದೆ. ಅದು ಕುಲುಕುವ ಗುಣ, ನಿಮ್ಮ ತಪ್ಪಲ್ಲ. ಆದರೆ ಸುಮ್ಮನೆ ಒಪ್ಪಿಕೊಳ್ಳುವಂತೆಯೂ ಇಲ್ಲ. ಗುಳ್ಳೆ ಯಾವ ಅಲೆಗೆ ಕುಣಿಯುತ್ತದೆ ಅನ್ನುವುದು ಅದರ ಗಾತ್ರದ ಮೇಲೆ ನಿಂತಿದೆ. ಹೊದಿಕೆಯಿಲ್ಲದ 3 ಮೈಕ್ರಾನ್ ಗುಳ್ಳೆ ಸುಮಾರು 2 ಮೆಗಾಹರ್ಟ್ಸ್‌ಗೆ ಕುಣಿಯುತ್ತದೆ, ಹೊದಿಕೆ ಇದ್ದರೆ ಸ್ವಲ್ಪ ಮೇಲೆ. ಗಾತ್ರ ಹರಡಿದ್ದರೆ ನಾವು ಕಳಿಸುವ ಅಲೆಗೆ ಕೆಲವೇ ಗುಳ್ಳೆ ಓಗೊಡುತ್ತವೆ.

ಖರ್ಚಿಲ್ಲದ ದಾರಿ, ತೇಲಲು ಬಿಡುವುದು. ಬರೀ ನೀರಿನಲ್ಲಿ 10 ಮೈಕ್ರಾನ್ ಗುಳ್ಳೆ 3 ಸೆಂಟಿಮೀಟರ್ ಏರಲು ಸುಮಾರು 9 ನಿಮಿಷ ಬೇಕು. 2 ಮೈಕ್ರಾನಿನದಕ್ಕೆ ನಾಲ್ಕು ಗಂಟೆಯ ಹತ್ತಿರ. ಸಿರಿಂಜನ್ನು ಮೂತಿ ಕೆಳಗೆ ಮಾಡಿ ಸ್ಟ್ಯಾಂಡಿಗೆ ಸಿಕ್ಕಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಕೆಳಗಿನಿಂದ ತೆಗೆದುಕೊಳ್ಳಿ. ದೊಡ್ಡವು ಮೇಲಿನ ಕೆನೆಯಲ್ಲಿ ಉಳಿಯುತ್ತವೆ. ಗ್ಲಿಸರಿನ್ ಇದ್ದರೆ ಹೊತ್ತು ಜಾಸ್ತಿ ಬೇಕು. ಎಷ್ಟೋ ಕೆಲಸಕ್ಕೆ ಇಷ್ಟೇ ಸಾಕು.

ಇನ್ನೂ ಬಿಗಿಯಾಗಿ ಬೇಕಿದ್ದರೆ ಸೆಂಟ್ರಿಫ್ಯೂಜ್. ಮೊದಲು ಮೆಲ್ಲಗೆ ತಿರುಗಿಸಿ ದೊಡ್ಡವನ್ನು ಕೆನೆಯಲ್ಲಿ ಬಿಟ್ಟು ಕೆಳಗಿನದನ್ನು ಇಟ್ಟುಕೊಳ್ಳುವುದು. ಆಮೇಲೆ ಜೋರಾಗಿ ತಿರುಗಿಸಿ, ಬೇಕಾದವನ್ನು ಕೆನೆಯಾಗಿ ಎತ್ತಿಕೊಂಡು, ತೀರಾ ಚಿಕ್ಕವನ್ನೂ ಬಿಡಿ ಲಿಪಿಡ್ ಅನ್ನೂ ಕೆಳಗೆ ಬಿಡುವುದು. ಎರಡೂ ಹೆಜ್ಜೆಯನ್ನು ಹಲವು ಸಲ ಮಾಡಬೇಕು. ವೇಗವನ್ನು ಜಿ (ಭೂಮಿಯ ಸೆಳೆತದ ಎಷ್ಟು ಪಟ್ಟು) ಲೆಕ್ಕದಲ್ಲಿ ಬರೆದಿಡಿ, ಸುತ್ತಿನ ಲೆಕ್ಕದಲ್ಲಲ್ಲ. ರೋಟರ್ ಬದಲಾದರೆ ಸುತ್ತಿನ ಅಂಕಿ ಕೆಲಸಕ್ಕೆ ಬರುವುದಿಲ್ಲ.

ತಿರುಗಿಸಿದ ಮೇಲೆ ಒಟ್ಟು ಗುಳ್ಳೆಯೇ ಕಡಿಮೆಯಾದರೆ? 300 ಜಿಯಲ್ಲಿ 5 ಸೆಂಟಿಮೀಟರ್ ನೀರಿನ ಕಂಬದ ತಳದಲ್ಲಿ ಸುಮಾರು ಒಂದೂವರೆ ವಾತಾವರಣದಷ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಸಿರಿಂಜ್ ಒತ್ತಿ ಗುಳ್ಳೆ ಕೊಂದೆವಲ್ಲ, ಅದೇ ಕೆಲಸ ಇಲ್ಲೂ ಆಗುತ್ತಿದೆ. ಕಂಬ ಗಿಡ್ಡ ಮಾಡಿ, ವೇಗ ಇಳಿಸಿ, ಹೊತ್ತು ಏರಿಸಿ.

## ಚಿಪ್‌ನಿಂದ ಬಂದರೂ ಒಂದೇ ಸಮ ಇಲ್ಲ

ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ (ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ಚಿಪ್) ಗ್ಯಾಸಿನ ಎಳೆಯನ್ನು ಎರಡು ಬದಿಯ ನೀರು ಹಿಂಡಿ ಒಂದೊಂದಾಗಿ ಕತ್ತರಿಸುತ್ತದೆ. ಇಲ್ಲಿ ಗಾತ್ರದ ವ್ಯತ್ಯಾಸ ಶೇ. 5ಕ್ಕಿಂತ ಕಡಿಮೆ ಬರಬೇಕು. ಬರದಿದ್ದರೆ ಮೊದಲು ಮೂತಿಯಲ್ಲಿ ಧೂಳು ನೋಡಿ. ಎಲ್ಲ ದ್ರವವನ್ನೂ ಸೋಸಿಯೇ ಬಿಡಿ. ಮೂತಿಯಲ್ಲಿ ಸರಿಯಿದ್ದು, ಸ್ವಲ್ಪ ಮುಂದೆ ಹೋಗಿ ಜೋಡಿಜೋಡಿಯಾಗಿ ಕೂಡಿಕೊಂಡರೆ ಹೊದಿಕೆ ಹಾಸಲು ಹೊತ್ತು ಸಾಲುತ್ತಿಲ್ಲ. ಲಿಪಿಡ್ ಪ್ರಮಾಣ ಏರಿಸಿ, ಚಿಪ್ ಬೆಚ್ಚಗಿಡಿ. ಗಾತ್ರ ತಾಳಬದ್ಧವಾಗಿ ಏರಿಳಿದರೆ ಅದು ಸಿರಿಂಜ್ ಪಂಪಿನ ತುಡಿತ. ಒತ್ತಡದಿಂದ ನೂಕುವ ವ್ಯವಸ್ಥೆಗೆ ಬದಲಾಯಿಸಿ. ಪಿಡಿಎಂಎಸ್ (ರಬ್ಬರಿನಂಥ ಸಿಲಿಕೋನ್) ಚಿಪ್‌ಗೆ, ನೀರು ಅಂಟಲಿ ಅಂತ, ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಗ್ಯಾಸ್) ಹಾಯಿಸಿ ಒಣಗಲು ಬಿಟ್ಟರೆ ಅದು ಮತ್ತೆ ನೀರನ್ನು ದೂರ ತಳ್ಳುವ ಸ್ವಭಾವಕ್ಕೆ ಮರಳುತ್ತದೆ, ಗ್ಯಾಸ್ ಗೋಡೆಗೆ ಅಂಟುತ್ತದೆ. ನೀರು ತುಂಬಿಯೇ ಇಡಿ. ಹುಟ್ಟಿದ ಗುಳ್ಳೆ ಆಮೇಲೆ ಕುಗ್ಗುವುದು ಸಹಜ. ಹೊದಿಕೆ ಒತ್ತೊತ್ತಾಗುವವರೆಗೆ ಗ್ಯಾಸ್ ಹೋಗುತ್ತಿರುತ್ತದೆ. ಅಳತೆ ಅದು ನಿಂತ ಮೇಲೆ ಮಾಡಿ.

## ಎಲ್ಲಿ ನಿಲ್ಲಿಸಬೇಕು

ಮೇಲಿನದೆಲ್ಲ ಮಾಡಿಯೂ ಹೊಸ ವಯಲ್, ಬಿಗಿ ಬೂಚು, ಪೂರ್ತಿ ಗ್ಯಾಸ್, ಸರಿಯಾದ ಬಫರ್ ಇದ್ದೂ ಗುಳ್ಳೆ ನಿಲ್ಲದಿದ್ದರೆ ಈಗ ಲಿಪಿಡ್ ಅನ್ನು ಅನುಮಾನಿಸಬಹುದು. ಡಿಎಸ್‌ಪಿಸಿ ಗಾಳಿಗೆ ಸುಲಭವಾಗಿ ಕೆಡುವ ಜಾತಿಯಲ್ಲ. ಆದರೆ ನೀರಿನಲ್ಲಿ ಕಲಸಿ ವಾರಗಟ್ಟಲೆ ಇಟ್ಟರೆ, ಮತ್ತೆ ಮತ್ತೆ ಬಿಸಿಮಾಡಿದರೆ ಬಾಲ ಕಳಚಿಕೊಳ್ಳುತ್ತದೆ. ಟಿಎಲ್‌ಸಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ತೋರಿಸುವ) ಹಾಳೆಯಲ್ಲಿ ಓಡಿಸಿದರೆ ಹೆಚ್ಚುವರಿ ಚುಕ್ಕೆ ಬೀಳುತ್ತದೆ. ರಸಾಯನಶಾಸ್ತ್ರದ ಲ್ಯಾಬ್‌ನವರಿಗೆ ಕೊಟ್ಟು ನೋಡಿಸಿ. ಸೋನಿಕೇಟರ್ ತುದಿ ಗುಳಿಬಿದ್ದು ಒರಟಾಗಿದ್ದರೆ ಅದನ್ನು ಉಜ್ಜಿ ಸರಿಮಾಡಲು ಹೋಗಬೇಡಿ, ಸರ್ವೀಸ್‌ನವರನ್ನು ಕರೆಸಿ. ಸಿಲಿಂಡರ್ ರೆಗ್ಯುಲೇಟರ್ ಸೋರುತ್ತಿದ್ದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸರಬರಾಜು ಮಾಡುವವರಿಗೆ ಫೋನ್ ಮಾಡಿ. ತಲೆ ಹಗುರ ಅನ್ನಿಸಿದರೆ ಮೊದಲು ಹೊರಗೆ ಬನ್ನಿ, ವಾಲ್ವ್ ಆಮೇಲೆ.

ಆಸ್ಪತ್ರೆಯಲ್ಲಿ ಬಳಸುವ ಸಿದ್ಧ ಗುಳ್ಳೆಗಳ ವಿಷಯವೇ ಬೇರೆ. ಅಲ್ಲಿ ಈ ಕೈಪಿಡಿಯ ಯಾವ ಉಪಾಯವೂ ಸಲ್ಲದು. ಡೆಫಿನಿಟಿಯನ್ನು ಅದಕ್ಕೆಂದೇ ಇರುವ ಯಂತ್ರದಲ್ಲಿ 45 ಸೆಕೆಂಡ್ ಕುಲುಕಬೇಕು, 12 ಗಂಟೆಯೊಳಗೆ ಬಳಸಬೇಕು. ಸೋನೋವ್ಯೂ ಕಲಸಿದ ಮೇಲೆ 6 ಗಂಟೆ. ಬಳಸುವ ಮುಂಚೆ ಮತ್ತೆ ಕೈಯಲ್ಲಿ ಕಲಕಿ ಹಾಲಿನ ಬಣ್ಣ ತರಿಸಬೇಕು. ಬಣ್ಣ ಬರದಿದ್ದರೆ ಅದನ್ನು ಸರಿಮಾಡಲು ನೋಡಬೇಡಿ, ಎಸೆದು ಹೊಸದು ತೆಗೆಯಿರಿ. ರೋಗಿಗೆ ಪೆಗ್ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ಅಪರೂಪಕ್ಕೆ ಉಸಿರು, ಹೃದಯದ ತೊಂದರೆ ಬರುವುದುಂಟು, ಹೆಚ್ಚಾಗಿ ಕೊಟ್ಟ 30 ನಿಮಿಷದೊಳಗೆ. ಆ ಅರ್ಧ ಗಂಟೆ ಪಕ್ಕದಲ್ಲಿ ಜನ ಇರಬೇಕು, ತುರ್ತು ಚಿಕಿತ್ಸೆಯ ಟ್ರಾಲಿ ಕೈಗೆಟುಕುವಂತಿರಬೇಕು.